ಮೂರು ಚುಕ್ಕಿಯ ರೊಟ್ಟಿ

ಫೆಜ್ ಊರಿನ ನಮ್ಮ ಓಣಿಯವರೆಲ್ಲ ಮನೆಯಲ್ಲಿ ತಟ್ಟಿ, ತಮ್ಮ ಗುರುತು ಒತ್ತಿ ಕಳಿಸುವ ರೊಟ್ಟಿಯನ್ನು ಸುಟ್ಟುಕೊಡುವ ಒಲೆಯವನು ಬೂಶ್ತಾ. ಅವನಿಗೆ ನಮ್ಮ ಮುಖಕ್ಕಿಂತ ನಮ್ಮ ಮನೆಗಳ ಹಿಟ್ಟಿನ ಗುರುತೇ ಹೆಚ್ಚು. ಬೀದಿಯಲ್ಲಿ ಎದುರಾದರೆ ಹೆಸರು ಮರೆತು, 'ಏನು ಸೋಂಪಿನ ರೊಟ್ಟಿ, ಆರಾಮಾ?' ಎನ್ನುತ್ತಾನೆ. ಒಲೆಗೆ ತಳ್ಳುವ ಒಂದೊಂದು ರೊಟ್ಟಿಗೂ ಬಿಸ್ಮಿಲ್ಲಾ ಹೇಳುತ್ತಾನೆ, ನೂರು ರೊಟ್ಟಿಗೆ ನೂರು ಸಲ. ಒಂದು ಸೀದರೂ ತನ್ನ ಮನೆಯದನ್ನೇ ಕೊಟ್ಟು, 'ನೀವು ಬಿಟ್ರೂ ಮೇಲಿರೋನು ಬಿಡಲ್ಲ' ಎಂದು ಗೊಣಗುತ್ತಾನೆ. ಇದಕ್ಕೆ ಅವನನ್ನು ಕೆಣಕುತ್ತಿದ್ದವರು ತತ್ತ್ವಶಾಸ್ತ್ರದ ಮೇಷ್ಟ್ರು ಬೆನ್ನಿಸ್ ಒಬ್ಬರೇ. ನಮಾಜಿಗೆ ಹೋಗದ ಒಂಟಿ ಜೀವ. ಪಕ್ಕದ ಮನೆಯ ಕಣ್ಣು ಕಾಣದ ಮುದುಕಿಗೆ ಏಳು ವರ್ಷ ನೀರು ಹೊತ್ತವರು. 'ಮೇಲೆ ಯಾರೂ ಇಲ್ದಿದ್ರೆ ಸೀದಿದ್ದನ್ನೇ ಕೊಡ್ತಿದ್ಯೇನೋ?' ಎಂದು ಅವರು ಛೇಡಿಸಿದರೆ ಬೂಶ್ತಾ ಬಿಡುತ್ತಿರಲಿಲ್ಲ: 'ನೀವು ಯಾರಿಗೆ ಹೆದರಿ ನೀರು ಹೊತ್ರಿ, ಮೇಷ್ಟ್ರೇ?' 'ಅಜ್ಜಿಗೆ ನೀರು ಬೇಕಿತ್ತು ಕಣೋ, ಅಷ್ಟೇ.' 'ಮೇಲಿಂದ ಬರೋ ಕೂಲಿ?' 'ಯಾವನಿಗೆ ಬೇಕು!' 'ಅಯ್ಯೋ, ದಡ್ಡ ಮೇಷ್ಟ್ರೇ!' ದಿನಾ ಜಗಳ, ಜಗಳದ ಮೇಲೆ ಪುದೀನ ಚಹಾ. ಮೇಷ್ಟ್ರು ತೀರಿಹೋಗಿ ಎರಡು ರಂಜಾನ್ ಕಳೆದವು. ಆದರೂ ಅವರು ತಟ್ಟುತ್ತಿದ್ದಂಥ ಸೊಟ್ಟ ರೊಟ್ಟಿಯೊಂದು, ಅವರ ಮನೆಯ ಗುರುತಾದ ಮೂರು ಚುಕ್ಕಿ ಹೊತ್ತು, ಆ ಒಲೆಯಿಂದ ಇಂದಿಗೂ ಹೊರಬರುತ್ತದೆ. ಬೂಶ್ತಾನೇ ಅದನ್ನು ಬೇಕೆಂದು ಸೊಟ್ಟಗೆ ತಟ್ಟಿ, ಸುಟ್ಟು, ಮಸೀದಿ ಬಾಗಿಲಲ್ಲಿ ಹಸಿದವರಿಗೆ ಮೇಷ್ಟ್ರ ಹೆಸರಿನಲ್ಲಿ ಕೊಡುತ್ತಾನೆ. ಯಾಕೆಂದು ಒಮ್ಮೆ ಕೇಳಿದೆ. 'ಅವರು ಕೂಲಿ ಕೇಳ್ದೇನೇ ಹೋಗ್ಬಿಟ್ರು. ಅವರ ಪರವಾಗಿ ನಾನು ಕೇಳ್ತಿದೀನಿ' ಎಂದವನು, ಮೇಷ್ಟ್ರು ಚಹಾಕ್ಕೆ ಕೂರುತ್ತಿದ್ದ ಎದುರಿನ ಖಾಲಿ ಮಣೆಯತ್ತ ತಿರುಗಿ, ಈಗಲಾದರೂ ಜಗಳಕ್ಕೆ ಬರಲಿ ಎಂಬಂತೆ ಸ್ವಲ್ಪ ಹೊತ್ತು ಕಾದ.