ಗುರಪ್ಪ ಮಾಸ್ತರು ಕುಡಿದ ಚಹಾ

ಗುರಪ್ಪ ಮಾಸ್ತರು ನಮಸ್ಕಾರ ಹೇಳುವ ಮೊದಲೇ ಎದುರಿನವರ ಕೆಳಗಿನ ಕಣ್ಣುರೆಪ್ಪೆ ಜಗ್ಗಿ ನೋಡುತ್ತಿದ್ದರು. ಒಳಗೆ ಕೆಂಪಿದ್ದರೆ "ಛಲೋ", ಬೆಳ್ಳಗಿದ್ದರೆ "ಕಬ್ಬಣ ಇಲ್ಲ". ಒಮ್ಮೆ ಮದುವೆಯಲ್ಲಿ ಅಕ್ಕಿಕಾಳು ಹಾಕಲು ಹೋದವರು ಮದುಮಗನ ರೆಪ್ಪೆ ಜಗ್ಗಿ, "ತಮ್ಮಾ, ಮೊದಲ ಮೆಂತೆಪಲ್ಲೆ ತಿನ್ನು, ಆಮ್ಯಾಲ ಸಂಸಾರ" ಎಂದುಬಿಟ್ಟರು.

ಡ್ರಿಲ್ ಮಾಸ್ತರಾಗಿ ನಿವೃತ್ತರಾದ ಮೇಲೆ ಧಾರವಾಡದಲ್ಲಿ ದೂರದ ಓಟದ ಮಕ್ಕಳನ್ನು ತಯಾರು ಮಾಡುತ್ತಿದ್ದರು. ನನ್ನ ಮಗಳು ಸುಮಾ ಅವರಲ್ಲೊಬ್ಬಳು. ನಾನೋ, ಅವಳು ಓಡಿದರೆ ಬೀಳುತ್ತಾಳೆಂದು, ಓಡದಿದ್ದರೆ ಸೋಲುತ್ತಾಳೆಂದು ಕೊರಗುವ ಪೈಕಿ.

ಸುಮಾಳಿಗೆ ಹಿಮಾಲಯದ ತರಬೇತಿ ಶಿಬಿರದಲ್ಲಿ ನಾಲ್ಕು ವಾರ ಇರುವ ಅವಕಾಶ ಬಂತು. ಒಂದೇ ಷರತ್ತು: ರಕ್ತದಲ್ಲಿ ಕಬ್ಬಿಣದ ದಾಸ್ತಾನು ಸಾಕಷ್ಟಿರಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ. ಸುಮಾಳಿಗೆ ಅದೇ ಕಡಿಮೆಯಿತ್ತು. ಗುಡ್ಡಕ್ಕೂ ಕಬ್ಬಿಣಕ್ಕೂ ಏನು ಸಂಬಂಧವೆಂದು ಮಾಸ್ತರನ್ನು ಕೇಳಿದೆ.

"ಮ್ಯಾಲ ಗಾಳಿ ತೆಳ್ಳಗ ಇರ್ತೈತಿ, ತಂಗೀ. ಉಸಿರು ಸಾಲೂದಿಲ್ಲ. ಮೈ ಗಾಬರಿ ಆಗಿ ಕೆಂಪು ಕಣ ಹೆಚ್ಚಿಗಿ ಹುಟ್ಟಸ್ತೈತಿ. ಕೆಳಗ ಬಂದು ಓಡಿದ್ರ ಅವೆಲ್ಲಾ ಸೇರಿ ಕಾಲಿಗೆ ಉಸಿರು ಹೊರ್ತಾವ. ಕಬ್ಬಣ ಇಲ್ದ ಹೋದ್ರ, ಇಟ್ಟಂಗಿ ಇಲ್ದ ಗೌಂಡಿ ಮನಿ ಕಟ್ಟಾಕ ಗುಡ್ಡ ಹತ್ತಿದಂಗ!"

ಗಾಬರಿಯಿಂದ ರಕ್ತ ಹೆಚ್ಚುವುದಾದರೆ ನನ್ನ ಮೈಯಲ್ಲಿ ಇಷ್ಟೊತ್ತಿಗೆ ನಾಲ್ಕು ಓಟಗಾರರಿಗಾಗುವಷ್ಟು ಇರಬೇಕಿತ್ತು.

ವೈದ್ಯರು ಬರೆದ ಕಬ್ಬಿಣದ ಗುಳಿಗೆಯನ್ನು ಆರು ವಾರ ನಾನೇ ಎದುರು ನಿಂತು ನುಂಗಿಸಿದೆ. ಸತ್ತೂರಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ, ದಾಸ್ತಾನು ಇದ್ದಲ್ಲೇ ಇತ್ತು.

"ಗುಳಿಗಿ ಹ್ಯಾಂಗ ಕೊಡ್ತಿದ್ದಿ?" ಮಾಸ್ತರು ಕೇಳಿದರು.

"ಬರೇ ಹೊಟ್ಟ್ಯಾಗ ಬ್ಯಾಡಂತ ಚಾದ ಜೋಡಿ ಕೊಟ್ಟೇನ್ರಿ. ಗಟ್ಟಿ ಚಾ."

ಮಾಸ್ತರು ಹಣೆ ಬಡಿದುಕೊಂಡು, ನಗುತ್ತ ಕಟ್ಟೆಯ ಮೇಲೆ ಕುಸಿದರು. "ಅಯ್ಯ ನಮ್ಮವ್ವ! ಚಾ ಕಬ್ಬಣಾನ ಮೈಗೆ ಹತ್ತಗೊಡೂದಿಲ್ಲ. ಒಂದ ಕೈಲೆ ಕೊಟ್ಟು ಇನ್ನೊಂದ ಕೈಲೆ ಕಸಗೊಂಡಿ!"

ಶಿಬಿರದವರು ಇನ್ನೂ ಆರು ವಾರ ಕೊಟ್ಟರು. ಸುಮಾಳಿಗೆ ಚಹಾ ಬಂದ್. ಆದರೆ ನಮ್ಮ ಕಡೆ ಚಹಾ ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ಹಾಗಾಗಿ ಮಾಸ್ತರು ಅವಳು ಹೋದ ಮನೆಗೆಲ್ಲ ಹೋಗಿ ಅವಳ ಪಾಲನ್ನೂ ಕುಡಿಯತೊಡಗಿದರು. ರಾಯಾಪುರದಲ್ಲಿ ನನ್ನ ನಾದಿನಿ ಊಟದ ಮೇಲೆ ಕಪ್ಪು ಹಿಡಿದು ಬಂದು, "ಯಾಕ, ನಮ್ಮನಿ ಚಾ ಸೇರೂದಿಲ್ಲೇನು ಹುಡುಗಿಗೆ?" ಎಂದು ಮುಖ ಊದಿಸಿದಳು. ಮಾಸ್ತರು ಅದನ್ನು ಬಶಿಗೆ ಸುರಿದು ಸೊರ್ರನೆ ಎಳೆದು, "ಅಕಿ ಬಾಯಿ ನಂದ ಅಂತ ತಿಳೀರಿ, ಬಾಯಾರ. ಇನ್ನೊಂದು ತರ್ರಿ" ಎಂದರು. ಒಂದು ಭಾನುವಾರ ಹದಿನಾಲ್ಕು ಕಪ್ಪಾದವು. ಕಣ್ಣರಳಿಸಿ, ನನ್ನನ್ನೂ ಮೀರಿಸಿ ವಟವಟ ಮಾತಾಡುತ್ತ ಮನೆ ಸೇರಿದರು.

ಸುಮಾಳ ರಕ್ತ ಪಾಸಾಯಿತು. ಅವಳು ಹಿಮಾಲಯಕ್ಕೆ ಹೋದಳು. ಅಲ್ಲಿ ಹಿಮೋಗ್ಲೋಬಿನ್ ಏರಿತಂತೆ. ಧಾರವಾಡಕ್ಕೆ ಬಂದ ವಾರದೊಳಗೆ ನೋಡಿಸಿದರೆ ಇಳಿದಿತ್ತು! ಚೀಟಿ ಹಿಡಿದು ನಾನೇ ಓಡಿದೆ.

"ಎಲ್ಲಾ ಹೋತ್ರಿ, ಮಾಸ್ತರ!"

"ಏನ ಹೋತು? ಕೆಳಗ ಬಂದ ಕೂಡ್ಲೆ ರಕ್ತದಾಗ ನೀರು ಹೆಚ್ಚಾಗತೈತಿ. ಸಾರಿಗೆ ನೀರು ಹಾಕಿದ್ರ ಬ್ಯಾಳಿ ಕಮ್ಮಿ ಆತೇನು? ನಾಳೆ ಯುನಿವರ್ಸಿಟಿ ಗುಡ್ಡ ಹತ್ತಿಸಿ ನೋಡೂಣು, ಬಾ."

ನಾನು ಅವರನ್ನು ಕಡೆಯದಾಗಿ ನೋಡಿದ್ದು ಆ ಮರುದಿನವೇ. ಅದೇ ವಾರ ನನಗೆ ಕಲಬುರಗಿಗೆ ವರ್ಗವಾಯಿತು. ದೀಪಾವಳಿಗೆ ಊರಿಗೆ ಬರುವಷ್ಟರಲ್ಲಿ ಮಾಸ್ತರು ತೀರಿಕೊಂಡಿದ್ದರು.

ಆ ಬೆಳಿಗ್ಗೆ ಸುಮಾ ಗುಡ್ಡದ ಏರು ಹಿಡಿದಳು. ಪಕ್ಕದಲ್ಲಿ ಸೈಕಲ್ ಮೇಲೆ ಮಾಸ್ತರು, ಹಿಂದೆ ಸ್ಕೂಟಿಯಲ್ಲಿ ನಾನು. ಮೊದಲೆಲ್ಲ ಅರ್ಧ ದಾರಿಗೆ ಅವಳು ಬಾಯಿ ತೆರೆದು ನಿಂತುಬಿಡುತ್ತಿದ್ದಳು. ಈ ಸಲ ನಿಲ್ಲಲಿಲ್ಲ. ಮಾಸ್ತರು ತುಳಿದರು, ಎದ್ದು ನಿಂತು ತುಳಿದರು, ಕಡೆಗೆ ಸೈಕಲ್ ಅಲ್ಲೇ ಕೆಡವಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಏದುಸಿರಿನಲ್ಲೇ ನಗತೊಡಗಿದರು. ನಾನು ಗಾಬರಿಯಾಗಿ ಅವರ ಪಕ್ಕದಲ್ಲೇ ಗಾಡಿ ನಿಲ್ಲಿಸಿದೆ.

"ನನ್ನ ಏನ ನೋಡ್ತಿ, ಹುಚ್ಚಿ? ಅಕಿನ್ನ ನೋಡು!"

ನೋಡಿದೆ. ಮೇಲಿನ ತಿರುವಿನಲ್ಲಿ ಅವಳ ಜಡೆ ಒಮ್ಮೆ ಹಾರಿತು, ಅಷ್ಟೇ. ರಸ್ತೆ ಖಾಲಿ.