ಐದನೇ ನಿಂಬೆಹಣ್ಣು

ಹೋದ ಶುಕ್ರವಾರ ನಮ್ಮ ಮನೆ ಮುಂದೆ ಒಂದು ಕಾರು ಬಂದು ನಿಂತಿತು. ಯಾರೋ ಓಡಿಸಿ ಬಿಟ್ಟದ್ದು, ನಮಗೆ ಹೊಸದು. ಹೆಂಡತಿ ಅರಿಸಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಮುಂದಕ್ಕೆ ಬಿಡಿ" ಎಂದಳು. ಬಿಟ್ಟೆ. ಪಚಕ್ ಎಂದು ಸದ್ದಾಗಿ, ಕಿಟಕಿಯಿಂದ ಆ ಹುಳಿವಾಸನೆ ಒಳಗೆ ಬಂದಿತು. ನನ್ನ ಕಾಲು ಬ್ರೇಕಿನ ಮೇಲೆಯೇ ಉಳಿಯಿತು. ಹೆಂಡತಿ ಗಾಜು ತಟ್ಟಿ ಏನಾಯ್ತೆಂದು ಕೇಳಿದಳು. ಏನಿಲ್ಲ ಎಂದೆ. ಆರು ವರ್ಷದಿಂದ ನಾನು ಹೇಳಿಕೊಂಡು ಬಂದಿರುವುದೂ ಅದನ್ನೇ.

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಎದುರು ಮನೆ ಅವರದು. ನೆಂಟಸ್ತಿಕೆ ಏನೂ ಇರಲಿಲ್ಲ, ಆದರೂ ಬೀದಿಗೆಲ್ಲ ಅವರು ಡ್ರೈವರ್ ಮಾವ. ಹನೂರು ದಾಟಿ, ಬೆಟ್ಟ ಹತ್ತಿ, ಗಡಿಯ ಪಾಲಾರಿಗೆ ಇಳಿಯುವ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಒಂದು ಆಡಿನ ಮರಿಗೂ ಗಾಡಿ ತಾಗಿಸಿದವರಲ್ಲ. ಬೀದಿಯಲ್ಲಿ ಯಾರು ಯಾವ ಗಾಡಿ ತಂದರೂ, ಸೈಕಲ್ಲೇ ಆದರೂ, ಚಕ್ರಕ್ಕೆ ನಿಂಬೆಹಣ್ಣು ಇಡುವುದಕ್ಕೆ ಅವರ ಕೈಯೇ ಬೇಕಿತ್ತು. ಕುಕ್ಕರುಗಾಲಲ್ಲಿ ಕೂತು, ಟೈರಿಗೆ ಹಣೆ ತಾಗುವಷ್ಟು ಬಾಗಿ, ಏನೋ ಗುನುಗಿ ಏಳುತ್ತಿದ್ದರು. ಏನು ಹೇಳುತ್ತಿದ್ದರೋ ಯಾರಿಗೂ ಕೇಳಿಸಿದ್ದಿಲ್ಲ...

ಅವರಿಗೆ ಒಬ್ಬನೇ ಮಗ. ತಾಯಿ ತೀರಿಕೊಂಡ ಮೇಲೆ ಚೆನ್ನೈಗೆ ಹೋಗಿ, ಕಾರು ರೇಸಿನವರ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ಸೇರಿದ್ದ. ಅವನ ಕೈಗುಣ ನೋಡಿ ಮಾಲೀಕರು ಒಂದು ದಿನ ಸ್ಟೀರಿಂಗನ್ನೇ ಕೊಟ್ಟರಂತೆ. ಊರಿಗೆ ಬಂದು ಆ ಸುದ್ದಿ ಹೇಳಿದಾಗ ಮಾವ ಜಗಲಿಯ ಮೇಲಿಂದಲೇ ಕೂಗಾಡಿದ್ದರು.

"ಎಲ್ಲಿಂದ ಒಂಟ್ಯೋ ಅಲ್ಲಿಗೇ ಬರಾಕೆ ಅಷ್ಟು ಬಿರ್ನೆ ಯಾಕ್ಲಾ ಓಗ್ಬೇಕು? ಸಾಯಾಕಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಕೊನೆಯ ಮಾತು ಕೇಳಿ ಮಗ ಚೀಲ ಎತ್ತಿಕೊಂಡು ಹೊರಟವನು ಮೂರು ವರ್ಷ ತಿರುಗಿ ನೋಡಲಿಲ್ಲ. ಅಪ್ಪ ಹೇಗಿದ್ದಾರೆಂದು ನನಗೆ ಫೋನು ಮಾಡಿ ಕೇಳುತ್ತಿದ್ದ. ಮಗ ಹೇಗಿದ್ದಾನೆಂದು ಇವರು ಜಗಲಿಯಿಂದ ಕೇಳುತ್ತಿದ್ದರು. ನಡುವೆ ನಾನೊಬ್ಬ ಅಂಚೆಯವನು.

ಆರು ವರ್ಷದ ಹಿಂದೆ ಒಂದು ದಿನ ಮಗನ ಫೋನು ಬಂತು. ಹೊಸ ಸೀಸನ್ನಿನ ಮೊದಲ ರೇಸು, ಭಾನುವಾರ, ಅಪ್ಪನನ್ನು ಕರೆದುಕೊಂಡು ಬರಬೇಕು ಎಂದ. ಮಾವ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಶುಕ್ರವಾರ ನಸುಕಿಗೇ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಇಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಹೈಸ್ಕೂಲ್ ಮೇಷ್ಟ್ರು, ನಾಕು ಊರು ಕಂಡವನೆಂಬ ಹಮ್ಮು ಬೇರೆ. ರೇಸು ನೋಡುವುದಕ್ಕೆಂದು ಕಪ್ಪು ಕನ್ನಡಕ ಕೊಂಡಿದ್ದೆ.

ಬಸ್ಸು ಅವರದೇ ಹಳೆಯ ದಾರಿಯಲ್ಲಿ ಹೋಯಿತು. ಪ್ರಯಾಣಿಕರಾಗಿ ಕೂತು ಅವರಿಗೆ ಅಭ್ಯಾಸವಿರಲಿಲ್ಲ. ಒಂದೊಂದು ತಿರುವಿನಲ್ಲೂ ಅವರ ಬಲಗಾಲು ಸೀಟಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಬೆಟ್ಟದಲ್ಲಿ ಬಸ್ಸು ನಿಂತಾಗ ಇಳಿದು ಗುಡಿಗೆ ಹೋದರು. ಅವರು ಬರುವ ತನಕ ಕಂಡಕ್ಟರ್ ವಿಷಲ್ ಹೊಡೆಯಲಿಲ್ಲ. ಬಂದವರ ಕೈಯಲ್ಲಿ ಟವಲಿನ ಗಂಟು. ಐದು ನಿಂಬೆಹಣ್ಣು.

ಐದ್ಯಾಕೆ ಎಂದು ಕೇಳಿದೆ.

"ನಾಕು ಗಾಡಿಗೆ. ಐದ್ನೇದು ಓಡ್ಸೋನ ಜೇಬ್ಗೆ. ನಂಗೆ ಅವ್ನವ್ವ ಇಡೋಳು ದಿನಾ. ಈಗ ಅವಳಿಲ್ವಲ್ಲ."

ಶನಿವಾರ ಸಂಜೆ ಚೆನ್ನೈಯಲ್ಲಿ ಅವರಿಗೆ ಸಮುದ್ರ ತೋರಿಸಿದೆ. ನೀರಿಗೆ ಇಳಿಯಲಿಲ್ಲ. ಮರಳಿನಲ್ಲಿ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ನಂಗೆ ಅವ್ನತ್ರ ಮಾತಾಡಾಕೆ ಬರಾಕಿಲ್ಲ ಕಣಪ್ಪ" ಎಂದರು. "ಮೊದ್ಲು ಅಣ್ಣು ಇಟ್ಬುಡ್ತೀನಿ. ಆಮೇಕೆ ಮಾತು ತಾನಾಗೇ ಬತ್ತದೆ."

ಅದನ್ನು ನನ್ನ ಈ ಕಿವಿಯಲ್ಲೇ ಕೇಳಿದ್ದೆ. ಮರೆತೆ ಎಂದು ಹೇಳುವ ಹಾಗೂ ಇಲ್ಲ.

ಭಾನುವಾರ ಪಟ್ಟಣದ ಆಚೆಯ ಆ ಟ್ರ್ಯಾಕಿಗೆ ಹೋದೆವು. ಬಿಸಿಲು, ಸುಟ್ಟ ರಬ್ಬರಿನ ವಾಸನೆ, ಎದೆಯೊಳಗೆ ಗುದ್ದುವಂಥ ಸದ್ದು. ಮಗ ಕೊಟ್ಟ ಪಾಸನ್ನು ಕೊರಳಿಗೆ ಹಾಕಿಕೊಂಡು ಕಾರಿನ ಶೆಡ್ಡಿನವರೆಗೂ ಬಂದೆವು. ಅವನು ಹೆಲ್ಮೆಟ್ ಹಾಕಿ, ನಮಗೆ ಬೆನ್ನು ಮಾಡಿ ಯಾರೊಂದಿಗೋ ಮಾತಾಡುತ್ತಿದ್ದ. ಮಾವ ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿ, ಮುಂದಿನ ಚಕ್ರದ ಬಳಿ ಕುಕ್ಕರಿಸಿ, ಗಂಟು ಬಿಚ್ಚತೊಡಗಿದರು.

ಪಕ್ಕದಲ್ಲಿ ಮೂರು ನಾಲ್ಕು ಹುಡುಗ ಹುಡುಗಿಯರು ನಿಂತಿದ್ದರು. ಒಬ್ಬಳು ಫೋನು ಎತ್ತಿ ಹಿಡಿದಳು, ಇನ್ನೊಬ್ಬ ನಕ್ಕ. ನಕ್ಕದ್ದು ಇವರನ್ನು ನೋಡಿಯೇ ಎಂದು ಈಗ ಆಣೆ ಇಟ್ಟು ಹೇಳಲಾರೆ... ಆದರೆ ನನ್ನ ಮುಖ ಬಿಸಿಯಾಯಿತು. ಹೋಗಿ ಅವರ ರಟ್ಟೆ ಹಿಡಿದು ಎಬ್ಬಿಸಿದೆ.

"ಮಾವ, ಇಲ್ಲಿ ಇದಕ್ಕೆಲ್ಲ ಬಿಡಲ್ಲ. ರೂಲ್ಸಿದೆ. ಕೊಡಿ ಇಲ್ಲಿ."

ಅಂಥ ರೂಲ್ಸು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಕಟ್ಟಿದ ಸುಳ್ಳು. ಮೂವತ್ತು ವರ್ಷ ರೂಲ್ಸು ಮೀರದೆ ಗಾಡಿ ಓಡಿಸಿದ ಮನುಷ್ಯ, ರೂಲ್ಸು ಅಂದ ಕೂಡಲೇ ಗಂಟನ್ನು ನನ್ನ ಕೈಗಿಟ್ಟರು. ಅದನ್ನು ಬ್ಯಾಗಿಗೆ ತುರುಕಿದೆ. ಮಗ ತಿರುಗಿ ನೋಡುವ ಹೊತ್ತಿಗೆ ಅಪ್ಪ ಬರಿಗೈಯಲ್ಲಿ ನಿಂತಿದ್ದರು. ಅಷ್ಟರಲ್ಲಿ ಯಾರೋ ಕೂಗಿದರು, ಅವನು ಕಾರು ಹತ್ತಿದ.

ಮೂರನೆಯ ಸುತ್ತಿನಲ್ಲಿ ಅವನ ಕಾರು ಹೊಗೆ ಉಗುಳಿ, ದಾರಿ ಪಕ್ಕದ ಹುಲ್ಲಿನ ಮೇಲೆ ನಿಂತುಹೋಯಿತು. ಅವನಿಗೇನೂ ಆಗಲಿಲ್ಲ. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಡೆದು ಬಂದ. ಬೇಲಿಯ ಆಚೆ ಅವನು, ಈಚೆ ಇವರು. ಮಾವನ ಕೈ ಮಡಿಲಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ.

"ಊಟ ಆಯ್ತಾ?" ಎಂದರು.

"ಊಂ. ನೀವು ಉಂಡ್ರಾ?"

"ಊಂ."

ಮುಗಿಯಿತು. ಮೂರು ವರ್ಷದ ಮೇಲೆ ಅಪ್ಪ ಮಗ ಆಡಿದ ಮಾತು ಅಷ್ಟೇ. ಹೊರಗೆ ಬರುವಾಗ ಪಕ್ಕದ ಶೆಡ್ಡಿನ ಮುಂದೆ ನನ್ನ ಕಾಲಿಗೆ ಏನೋ ಮೆತ್ತಗೆ ಸಿಕ್ಕಿತು. ಜಜ್ಜಿದ ನಿಂಬೆಹಣ್ಣು. ಅದರಾಚೆ ಇನ್ನೊಂದು. ಆ ಊರಿನವರೂ ನಮ್ಮಂತೆಯೇ ಚಕ್ರಕ್ಕೆ ಹಣ್ಣು ಇಟ್ಟೇ ಗಾಡಿ ಹೊರಡಿಸಿದ್ದರು. ಮಾವನಿಗೆ ಕಾಣದಿರಲೆಂದು ನಾನು ಅಡ್ಡ ನಡೆದೆ. ಕಂಡಿತೋ ಇಲ್ಲವೋ... ಅವರು ಕೇಳಲಿಲ್ಲ.

ವಾಪಸ್ಸು ಬರುವಾಗ ಪಾಲಾರ್ ಸೇತುವೆ ದಾಟಿದ ಮೇಲೆ ಬಾಯಿ ಬಿಟ್ಟರು. "ತಿರುವ್ನಲ್ಲಿ ಗೇರ್ ಆಕದು ನನ್ನಂಗೇಯ ಕಣಪ್ಪ ಅಂವ. ಚೆಂದಾಗಿ ಓಡ್ಸ್ತಾನೆ." ಇದನ್ನು ನೀವೇ ಅವನಿಗೆ ಹೇಳಿ ಎಂದೆ. ಬರ್ಲಿ, ಹೇಳ್ತೀನಿ ಎಂದರು.

ಮನೆಯಲ್ಲಿ ಹೆಂಡತಿ ಬ್ಯಾಗು ಬಿಚ್ಚಿ, ಒಳ್ಳೇ ರಸ ಇರೋ ಹಣ್ಣು ಎಂದು ಚಿತ್ರಾನ್ನಕ್ಕೆ ಹಿಂಡಿದಳು. ನಾನು ಬಾಯಿ ಮುಚ್ಚಿಕೊಂಡು ಉಂಡೆ.

ಮುಂದಿನ ಬೇಸಿಗೆಯಲ್ಲಿ ಡ್ರೈವರ್ ಮಾವ ಜಗಲಿಯ ಮೇಲೆ ಕೂತಲ್ಲೇ ಹೋಗಿಬಿಟ್ಟರು. ಮಗ ಬಂದ. ಮಣ್ಣು ಮಾಡಿ ಬಂದ ಮೇಲೆ ಅದೇ ಜಗಲಿಯಲ್ಲಿ ನನ್ನ ಪಕ್ಕ ಕೂತು, "ಬೀದಿ ಗಾಡಿಗೆಲ್ಲಾ ಇಟ್ರು ಕಣಣ್ಣ" ಎಂದ. "ನನ್ ಗಾಡಿಗೆ ಒಂದ್ ಅಣ್ಣು ಇಡ್ನಿಲ್ಲ. ನಾ ಸೋಲದ್ನ ನೋಡಾಕೆ ಬಂದಂಗೆ ಬಂದು ಓದ್ರು."

ಆಗಲಾದರೂ ಹೇಳಬಹುದಿತ್ತು. ನನ್ನ ಮರ್ಯಾದೆ ನನಗೆ ದೊಡ್ಡದಾಯಿತು. ಸತ್ತವರ ಮೇಲೆ ನನ್ನ ತಪ್ಪನ್ನು ಹೊರಿಸಿ, ನಾನು ಅವನ ಬೆನ್ನು ಸವರಿದೆ. ಇದಕ್ಕಿಂತ ನಾಚಿಕೆಗೇಡಿನ ಕೆಲಸವನ್ನು ನನ್ನ ಜನ್ಮದಲ್ಲಿ ನಾನು ಮಾಡಿಲ್ಲ.

ಹೋದ ಶುಕ್ರವಾರ ಕಾರಿನಿಂದ ಇಳಿದವನು ಎದುರು ಮನೆಯ ಜಗಲಿ ನೋಡಿದೆ. ಈಗ ಅಲ್ಲಿ ಬೇರೆ ಯಾರೋ ಬಾಡಿಗೆಗೆ ಇದ್ದಾರೆ. ಅಲ್ಲೇ ನಿಂತು ಮಾವನ ಮಗನಿಗೆ ಫೋನು ಮಾಡಿದೆ. ಅವನು ಓಡಿಸುವುದನ್ನು ಬಿಟ್ಟು, ಅದೇ ಗ್ಯಾರೇಜಿನಲ್ಲಿ ಮತ್ತೆ ಮೆಕ್ಯಾನಿಕ್ ಆಗಿದ್ದಾನೆ. ಗುಡಿ, ಗಂಟು, ನನ್ನ ಸುಳ್ಳು, ಕಡೆಗೆ ಚಿತ್ರಾನ್ನ, ಎಲ್ಲವನ್ನೂ ಹೇಳಿದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

"ಎಷ್ಟು ತಂದಿದ್ರು ಅಣ್ಣ? ನಾಕಾ?"

"ಐದು" ಎಂದೆ.

ಅತ್ತ ಕಡೆ ಯಾವುದೋ ಎಂಜಿನ್ನು ಸ್ಟಾರ್ಟಾಗಿ ನಿಂತಿತು. ಅವನು ಫೋನು ಇಡಲಿಲ್ಲ. ನಾನೂ ಕಿವಿಗೆ ಹಿಡಿದು ನಿಂತೇ ಇದ್ದೆ. ಆಮೇಲೆ ಕೇಳಿದ.

"ಊಟ ಆಯ್ತಾ ಅಣ್ಣ?"