ಚಹಾ ಗಂಡು, ಕಾಫಿ ಹೆಣ್ಣು

ಸುಮ್ಮನೆ ಕೂತು ನನ್ನ ಬಗ್ಗೆ ನಾನು ಯೋಚಿಸುವುದು ನನಗೆ ಬರುವುದಿಲ್ಲ. ಬೇರೆಯವರ ಬಗ್ಗೆಯಾದರೆ ಎಷ್ಟು ಹೊತ್ತು ಬೇಕಾದರೂ ಯೋಚಿಸಬಲ್ಲೆ. ಬಸ್ಸಿನಲ್ಲಿ ಎದುರು ಕೂತವರ ಸಂಸಾರವನ್ನು ನೆಟ್ಟಗೆ ಮಾಡಿಕೊಡುವಷ್ಟು ವಿವೇಕ ನನ್ನಲ್ಲಿದೆ. ನನ್ನ ಸರದಿ ಬಂದಾಗ ಮಾತ್ರ ಮನಸ್ಸು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿ, ಕಾಳು ನೆನೆಹಾಕಿದ್ದೇನೋ ಇಲ್ಲವೋ ಎಂದು ನೋಡಿಬರುತ್ತದೆ.

ಇಂಥವಳನ್ನು ಹಿಡಿದು ಕಂಪನಿಯವರು ‘ನಿಮ್ಮನ್ನು ನೀವೇ ಮುನ್ನಡೆಸಿಕೊಳ್ಳಿ’ ಎಂಬ ತರಬೇತಿಗೆ ಕೂರಿಸಿದರು. ನಾನು ಪುಣೆಯ ಹಡಪಸರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅಲ್ಲಿ ಆಳೆತ್ತರದ ಪ್ರೆಸ್ ಯಂತ್ರಗಳು ತಗಡನ್ನು ಒತ್ತಿ ವಾಹನಗಳ ಬಿಡಿಭಾಗ ಮಾಡುತ್ತವೆ. ಆಗಷ್ಟೇ ನನ್ನನ್ನು ಸುರಕ್ಷತಾ ವಿಭಾಗದ ಮುಖ್ಯಸ್ಥೆ ಮಾಡಿದ್ದರು. ಮುಖ್ಯಸ್ಥರಾದವರಿಗೆಲ್ಲ ಈ ತರಬೇತಿ ಕಡ್ಡಾಯ. ಕಲಿಸಲು ಬಂದ ಮೆಲುದನಿಯ ಹೆಂಗಸು ನಮಗೆ ಕೊಟ್ಟ ಅಭ್ಯಾಸ ಬಲು ಸಣ್ಣದು. ಪ್ರತಿ ಶುಕ್ರವಾರ ಅರ್ಧ ಗಂಟೆ ಫೋನು ದೂರವಿಟ್ಟು ಒಬ್ಬರೇ ಕೂರಬೇಕು. ‘ಈ ವಾರ ನಾನು ಯಾವುದರಿಂದ ತಪ್ಪಿಸಿಕೊಂಡೆ?’ ಎಂದು ಕೇಳಿಕೊಳ್ಳಬೇಕು. ಅಷ್ಟೆ.

ಮೊದಲ ಶುಕ್ರವಾರ ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಕರಿದ ತಿಂಡಿಯಿಂದ ತಪ್ಪಿಸಿಕೊಂಡೆ ಎಂದು ಉತ್ತರ ಬಂತು. ಹೆಮ್ಮೆಯಾಯಿತು. ಮುಂದಿನ ವಾರ ನಾದಿನಿಯ ಫೋನಿನಿಂದ ಎಂದು ಬಂತು. ಅದರ ಬಗ್ಗೆ ಹೆಚ್ಚು ಯೋಚಿಸದಿರುವುದೇ ಒಳ್ಳೆಯದೆಂದು ತೀರ್ಮಾನಿಸಿದೆ. ಹೀಗೇ ಹಗುರವಾಗಿ ಸಾಗುತ್ತಿದ್ದಾಗ ಒಂದು ಶುಕ್ರವಾರ, ಕರೆಯದೆಯೇ, ಸೋಮವಾರದ ಮಾತು ಎದುರು ಬಂದು ನಿಂತಿತು.

ಪ್ರತಿ ಸೋಮವಾರ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ಪ್ರೆಸ್ ನಡೆಸುವವರನ್ನೆಲ್ಲ ನಿಲ್ಲಿಸಿಕೊಂಡು ಸುರಕ್ಷತೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಅದು ನನ್ನ ಕೆಲಸ. ಮಾಡುತ್ತಿದ್ದವನು ನನ್ನ ಸಹೋದ್ಯೋಗಿ ಪ್ರಶಾಂತ. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು ತಲೆಯಾಡಿಸುತ್ತಿದ್ದೆ. ಇದಕ್ಕೆ ನಾನು ‘ಜವಾಬ್ದಾರಿಯ ಹಂಚಿಕೆ’ ಎಂಬ ಗೌರವದ ಹೆಸರು ಕೊಟ್ಟಿದ್ದೆ. ನಿಜವಾದ ಕಾರಣ ಬೇರೆ. ಆ ಮಾತನ್ನು ಮರಾಠಿಯಲ್ಲಿ ಆಡಬೇಕಿತ್ತು.

ಪುಣೆಯಲ್ಲಿ ಇಷ್ಟು ವರ್ಷ ಇದ್ದೂ ಮರಾಠಿ ಬಾರದೇ ಎಂದು ನೀವು ಕೇಳಬಹುದು. ಬರುತ್ತದೆ, ತರಕಾರಿಯ ಚೌಕಾಸಿಗೆ ಬೇಕಾದಷ್ಟು ಬರುತ್ತದೆ. ಕಷ್ಟವಿರುವುದು ಲಿಂಗದಲ್ಲಿ. ನಮ್ಮ ಕನ್ನಡ ಈ ವಿಷಯದಲ್ಲಿ ದೊಡ್ಡ ಮನಸ್ಸಿನದು, ಜೀವವಿಲ್ಲದ್ದೆಲ್ಲ ‘ಅದು’. ಮರಾಠಿಯಲ್ಲಿ ಚಹಾ ಗಂಡು, ಕಾಫಿ ಹೆಣ್ಣು, ಎರಡಕ್ಕೂ ಬೀಳುವ ಸಕ್ಕರೆ ಹೆಣ್ಣು, ಹಾಲು ಮಾತ್ರ ಯಾರ ಕಡೆಗೂ ಸೇರದೆ ನಪುಂಸಕ. ಸಂಸ್ಕೃತದವರು ಇನ್ನೂ ಮುಂದೆ ಹೋದರು. ಹೆಂಡತಿ ಎಂಬ ಅರ್ಥದ ‘ದಾರ’ ಪುಲ್ಲಿಂಗ, ಅದೇ ಅರ್ಥದ ‘ಕಲತ್ರ’ ನಪುಂಸಕಲಿಂಗ! ಹೆಂಡತಿಯ ಗತಿಯೇ ಹೀಗಾದರೆ ಕುರ್ಚಿ ಮೇಜುಗಳ ಪಾಡೇನು?

ವಿಜಯಪುರದಿಂದ ಬಂದು ಇಲ್ಲಿನ ಖಡಕಿಯಲ್ಲಿ ಮನೆ ಮಾಡಿದ ಹೊಸದರಲ್ಲಿ ಒಮ್ಮೆ ಮನೆಯೊಡತಿಯ ಬಾಗಿಲು ತಟ್ಟಿದೆ. “ಕೋಣ್?” ಯಾರು ಎಂದು ಒಳಗಿನಿಂದ ಕೇಳಿದರು. ನಾನು ಬಂದೆ ಎನ್ನಲು “ಮೀ ಆಲೋ!” ಎಂದು ಕೂಗಿದೆ. ‘ಆಲೋ’ ಎನ್ನುವುದು ಗಂಡಸರು. ಹೆಂಗಸು ‘ಆಲೇ’ ಎನ್ನಬೇಕು. ಯಾರೋ ಗಂಡಸು ಬಂದನೆಂದು ಆಕೆ ಸೆರಗು ಸರಿಪಡಿಸಿಕೊಂಡು ಬಾಗಿಲು ತೆಗೆದರು. ನನ್ನನ್ನು ಕಂಡು ನಗಲು ಶುರುಮಾಡಿದವರು ನಿಲ್ಲಲಾರದೆ ಹೊಸ್ತಿಲ ಮೇಲೆ ಕೂತೇಬಿಟ್ಟರು. ಆಕೆಯ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಅವತ್ತಿನಿಂದ ಮುಖ್ಯವಾದ ಮಾತು ಬಂದಾಗಲೆಲ್ಲ ನಾನು ಇಂಗ್ಲಿಷಿನ ಕೊಡೆ ಬಿಚ್ಚತೊಡಗಿದೆ.

ಆ ಶುಕ್ರವಾರ ಸಂಜೆ ಮನೆಗೆ ಬಂದವಳೇ ನಮ್ಮವರನ್ನು ಕೇಳಿದೆ. ಅವರು ಪೇಪರ್ ಓದುತ್ತಿದ್ದರು.

“ರೀ, ನಾ ಮರಾಠಿ ಮಾತಾಡಿದ್ರ ಹೆಂಗ ಕೇಳಸ್ತದ?”

“ಖರೇ ಹೇಳ್ಬೇಕಾ, ಸಂಸಾರ ನಡೀಬೇಕಾ?”

“ಖರೇ ಹೇಳ್ರಿ.”

“ಭಾಳ ಛಲೋ ಕೇಳಸ್ತದ. ಅದು ಮರಾಠಿ ಅಂತ ಮೊದ್ಲ ಹೇಳಿಬಿಡಬೇಕು, ಅಷ್ಟ.”

ನನ್ನ ಮುಖ ನೋಡಿ ಪೇಪರ್ ಕೆಳಗಿಟ್ಟರು. ನಾನು ಎಲ್ಲ ಹೇಳಿದೆ. “ನಗ್ತಾರಂತ ಹೆದರ್ತಿ ಏನು? ನಗಲಿ ಬಿಡು. ನಕ್ರು ಅಂದ್ರ ಕೇಳ್ಯಾರ ಅಂತ ಆತಲ್ಲ,” ಎಂದು ಮತ್ತೆ ಪೇಪರ್ ಎತ್ತಿಕೊಂಡರು.

ಸೋಮವಾರ ಬಂತು. ಪ್ರಶಾಂತ ಎಂದಿನಂತೆ ಗಂಟಲು ಸರಿಮಾಡಿಕೊಂಡ. “ಇವತ್ತು ನಾನು ಮಾತಾಡುತ್ತೇನೆ,” ಎಂದೆ. ಅವನಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು. ನೀಲಿ ಅಂಗಿಗಳ ಸಾಲು ನನ್ನ ಕಡೆ ತಿರುಗಿತು. ನಮಸ್ಕಾರ ಮಾಡಿದೆ. ಇವತ್ತು ನಿಮ್ಮ ಜೊತೆ ಮಾತಾಡಲು ಬಂದಿದ್ದೇನೆ ಎನ್ನಬೇಕಿತ್ತು. ಬಾಯಿ ತೆರೆದರೆ ಹೊರಬಿದ್ದದ್ದು ಅದೇ “ಮೀ ಆಲೋ!”

ಹಿಂದಿನ ಸಾಲಿನಿಂದ ನಗು ಶುರುವಾಗಿ ಮುಂದಿನವರೆಗೂ ಬಂತು. ಮುಂದೆ ನಿಂತಿದ್ದ ಸುರೇಖಾ ಎಂಬ ಆಪರೇಟರ್ ಬಾಯಿಗೆ ಕೈ ಅಡ್ಡ ಹಿಡಿದು, “ಮ್ಯಾಡಮ್, ಆಲೋ ನಾಹೀ, ಆಲೇ!” ಎಂದಳು.

ಇಂಗ್ಲಿಷ್ ನಾಲಿಗೆಯ ತುದಿಗೆ ಬಂದು ನಿಂತು, ಬರಲೇ ಎಂದು ಕೇಳಿತು. ಆ ಗಳಿಗೆಯಲ್ಲಿ ನನಗೊಂದು ಸಂಗತಿ ಹೊಳೆಯಿತು. ಇಷ್ಟು ವರ್ಷ ಹೆದರಿದ್ದು ಇದಕ್ಕೇ, ಇದು ಆಗಿಯೂ ಹೋಯಿತು, ನಾನಿನ್ನೂ ಇಲ್ಲೇ ನಿಂತಿದ್ದೇನೆ.

“ಆಲೇ. ಆತಾ ಬರೋಬರ್?” ಎಂದೆ. ಈಗ ಸರಿಯೇ ಎಂದು. “ಬರೋಬರ್!” ಎಂದು ಸಾಲಿಗೆ ಸಾಲೇ ಕೂಗಿತು. ಮುಂದಿನ ಮಾತಿನಲ್ಲಿ ಅವರ ಕೈಗಳನ್ನು ಹೆಣ್ಣು ಮಾಡಿದೆ, ಯಂತ್ರವನ್ನು ಗಂಡು ಮಾಡಿದೆ. ಅವರು ತಿದ್ದಿದರು. ತಿದ್ದಬೇಕಾದರೆ ಕಿವಿಗೊಟ್ಟು ಕೇಳಲೇಬೇಕಲ್ಲ! ಅಷ್ಟು ಗಮನವಿಟ್ಟು ಕೇಳಿದ ಸಭೆಯನ್ನು ನಾನು ಕಂಡಿರಲಿಲ್ಲ.

ಎಲ್ಲರೂ ಚದುರಿದ ಮೇಲೆ ಸುರೇಖಾ ನನ್ನ ಹತ್ತಿರ ಬಂದಳು. ಆಕೆಯ ಮಾತು ಮರಾಠಿ; ನನ್ನ ಕನ್ನಡದಲ್ಲಿ ಹೇಳುತ್ತೇನೆ.

“ಮ್ಯಾಡಮ್, ಮೂಲೆಯ ಹಳೆಯ ಪ್ರೆಸ್ ಸ್ವಲ್ಪ ನೋಡ್ತೀರಾ? ಎಡಗಡೆಯ ಬಟನ್ ಸಿಕ್ಕಿಕೊಳ್ಳುತ್ತೆ, ಸಲ ಸಲಕ್ಕೂ ಒತ್ತೋದು ಕಷ್ಟ. ಅದಕ್ಕೆ ಕೆಲವರು ರಬ್ಬರಿನ ಚೂರು ಸಿಕ್ಕಿಸಿ ಅದನ್ನು ಒತ್ತಿಟ್ಟು ಒಂದೇ ಕೈಯಲ್ಲಿ ನಡೆಸ್ತಾರೆ.”

ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಮಾಡಿರುವುದೇ ಎರಡೂ ಕೈ ಹೊರಗಿರಲಿ ಎಂದು. ಒಂದು ಕೈ ಬಿಡುವಾಯಿತೆಂದರೆ ಅದು ತಗಡು ಸರಿಮಾಡಲು ಒಳಗೆ ಹೋಗುತ್ತದೆ. ಕೈ ಒಳಗಿರುವಾಗ ಪ್ರೆಸ್ ಇಳಿದರೆ ಮುಂದಿನದನ್ನು ಹೇಳಬೇಕಿಲ್ಲ.

“ಮೊದಲೇ ಯಾಕೆ ಹೇಳಲಿಲ್ಲ?”

ಆಕೆ ಸಂಕೋಚದಿಂದ ನಕ್ಕಳು. “ನೀವು ಕೈಕಟ್ಟಿ ನಿಂತಿರ್ತಿದ್ರಿ, ಇಂಗ್ಲಿಷಿನಲ್ಲೇ ಮಾತಾಡ್ತಿದ್ರಿ. ಭಾರೀ ಸಿಟ್ಟಿನವರು ಅಂದ್ಕೊಂಡಿದ್ವಿ.”

ನಾನು ಒಳಗೆ ನಡುಗುತ್ತ ನಿಂತದ್ದು ಅವರಿಗೆ ಬಿಗುಮಾನವಾಗಿ ಕಂಡಿತ್ತು! ಇಂಥದ್ದು ಕನ್ನಡಿಯಲ್ಲಿ ಕಾಣುವುದಿಲ್ಲ. ಎದುರಿಗಿದ್ದವರು ಹೇಳಬೇಕು. ಅವರು ಹೇಳಬೇಕಾದರೆ ನಾವು ಹೇಳಿಸಿಕೊಳ್ಳುವವರ ಹಾಗೆ ಕಾಣಬೇಕು.

ಹೋಗಿ ನೋಡಿದೆ. ರಬ್ಬರಿನ ಚೂರು ಅಲ್ಲೇ ಇತ್ತು. ಯಂತ್ರ ನಿಲ್ಲಿಸಿದೆ. ಸ್ವಲ್ಪ ಹೊತ್ತಿನಲ್ಲೇ ಉತ್ಪಾದನೆ ನೋಡಿಕೊಳ್ಳುವ ದೇಶಪಾಂಡೆ ಸಾಹೇಬರು ಬಂದರು.

“ಸಂಜೆ ಮಾಲು ಹೋಗಬೇಕು. ಇಷ್ಟು ದಿನ ಏನೂ ಆಗಿಲ್ಲವಲ್ಲ?”

“ಆಗಿಲ್ಲ. ಆಗುವ ಮೊದಲೇ ನಿಲ್ಲಿಸುತ್ತಿದ್ದೇನೆ.”

“ಯಾರು ಹೇಳಿದರು ನಿಮಗೆ?”

“ನಾನೇ ನೋಡಿದೆ,” ಎಂದು ರಬ್ಬರಿನ ಚೂರನ್ನು ಅವರ ಕೈಗಿಟ್ಟೆ. ಅವರು ಅದನ್ನು ಹೊರಳಿಸಿ ಹೊರಳಿಸಿ ನೋಡಿ, ರಿಪೇರಿಯವರಿಗೆ ಫೋನು ಮಾಡಿದರು. ಬಟನ್ನಿನ ಒಳಗಿನ ಸ್ಪ್ರಿಂಗ್ ಮುರಿದಿತ್ತು. ಹೊಸದು ಹಾಕಿದರು. ಮಾಲು ಮಾರನೆಯ ದಿನ ಹೋಯಿತು. ಯಾರ ಬೆರಳಿಗೂ ಏನೂ ಆಗಲಿಲ್ಲ. ಸುರಕ್ಷತಾ ವಿಭಾಗದ ದೊಡ್ಡ ಸಾಧನೆಗಳೆಲ್ಲ ಹೀಗೇ. ಏನೂ ಆಗಲಿಲ್ಲ ಎಂಬಲ್ಲಿಗೆ ಮುಗಿಯುತ್ತವೆ, ಯಾರೂ ಹಾರ ಹಾಕುವುದಿಲ್ಲ.

ನನ್ನ ಮರಾಠಿ ಈಗಲೂ ಸುಧಾರಿಸಿಲ್ಲ. ಆದರೆ ಸೋಮವಾರದ ಮಾತು ನನ್ನದೇ. ಮಾತು ಮುಗಿದ ಮೇಲೆ ಒಬ್ಬರೋ ಇಬ್ಬರೋ ಹಿಂದೆ ಉಳಿಯುತ್ತಾರೆ, ಏನಾದರೊಂದು ಹೇಳುತ್ತಾರೆ.

ಮೊನ್ನೆ ಶುಕ್ರವಾರ ಮತ್ತೆ ಬಾಗಿಲು ಹಾಕಿಕೊಂಡು ಕೂತಿದ್ದೆ. ಹೆದರಿಕೆ ಕಳೆಯಿತಲ್ಲ, ಇನ್ನು ಈ ಅರ್ಧ ಗಂಟೆ ಆರಾಮ ಎಂದುಕೊಂಡಿದ್ದೆ. ಆದರೆ ಮುಂದೆ ನಿಂತಿದ್ದ ಹೆದರಿಕೆ ಪಕ್ಕಕ್ಕೆ ಸರಿದರೆ ಅದರ ಬೆನ್ನಹಿಂದೆ ಇನ್ನೊಂದು ನಿಂತಿರುತ್ತದೆ, ಇಷ್ಟು ದಿನ ಕಂಡಿರುವುದಿಲ್ಲ ಅಷ್ಟೆ. ಹಳೆಯ ಪ್ರೆಸ್ಸುಗಳನ್ನು ತೇಪೆ ಹಾಕಿ ನಡೆಸುವ ಕಾಲ ಮುಗಿದಿದೆ, ತೆಗೆದುಹಾಕಿ ಎಂದು ಮೇಲಿನವರಿಗೆ ಹೇಳಬೇಕಾಗಿದೆ. ಹೇಳದಿರಲು ನೆವ ಹುಡುಕುತ್ತಿದ್ದೆ. ಮೇಲಿನವರ ಜೊತೆ ಮಾತು ಇಂಗ್ಲಿಷಿನಲ್ಲೇ, ಈ ಸಲ ವ್ಯಾಕರಣದ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ.

ಕೊನೆಗೆ ಮಂಗಳವಾರಕ್ಕೆ ಅವರ ಸಮಯ ಕೇಳಿದ್ದೇನೆ, ಕೊಟ್ಟಿದ್ದಾರೆ. ಇನ್ನು ಉಳಿದಿರುವುದು ನನ್ನನ್ನು ನಾನು ಆ ಬಾಗಿಲವರೆಗೆ ಕರೆದುಕೊಂಡು ಹೋಗುವ ಕೆಲಸ.